ಡೀಸೆಲ್ ಚೆಲ್ಲಿದರೆ ಮೊದಲು ನೀರಿನ ಬಕೆಟ್ ಬಚ್ಚಿಡಿ: ಸಾರ್ವಜನಿಕ ಕಟ್ಟಡ ನೋಡಿಕೊಳ್ಳುವವರಿಗೆ ಸಮಗ್ರ ಮಾರ್ಗದರ್ಶಿ

ದಾವಣಗೆರೆಯ ಒಂದು ಸಮುದಾಯ ಭವನದಲ್ಲಿ ಜನರೇಟರ್, ಮೋಟಾರು, ಸಂಪು ನೋಡಿಕೊಳ್ಳುವ ಕೆಲಸ ಕೆಲವು ವರ್ಷ ನನ್ನದಾಗಿತ್ತು. ಒಂದು ಏಪ್ರಿಲ್ ಮಧ್ಯಾಹ್ನ, ಮದುವೆ ಊಟದ ಎರಡನೇ ಪಂಕ್ತಿ ಕೂತಿತ್ತು. ಜನರೇಟರ್‌ಗೆ ಡೀಸೆಲ್ ಹಾಕುತ್ತಿದ್ದ ಹುಡುಗನ ಕೈಯಿಂದ 20 ಲೀಟರ್ ಕ್ಯಾನು ಜಾರಿತು. ಎತ್ತಿ ನಿಲ್ಲಿಸುವಷ್ಟರಲ್ಲಿ ಅರ್ಧಕ್ಕರ್ಧ ನೆಲದ ಪಾಲು. ಗಾಬರಿಯಲ್ಲಿ ನಾವೂ ಎಲ್ಲರೂ ಮಾಡುವುದನ್ನೇ ಮಾಡಿದೆವು. ಪೈಪು ತಂದು ನೀರು ಬಿಟ್ಟೆವು.

ಡೀಸೆಲ್ ನೀರಿಗಿಂತ ಹಗುರ. ಅದು ನೀರಿನ ಮೇಲೆ ತೇಲುತ್ತಾ ಆರಾಮಾಗಿ ಕಾರಿಡಾರಿಗೆ ಬಂತು. ಕೈ ತೊಳೆಯುವ ಜಾಗದ ಮೋರಿಗೆ ಒಂದಿಷ್ಟು ಇಳಿಯಿತು. ಇನ್ನೊಂದಿಷ್ಟು ಸಂಪಿನ ಮುಚ್ಚಳದ ಸಂದಿಯಿಂದ ಒಳಗೆ ಹೋಯಿತು. ಬೆಂಕಿ ಹತ್ತಲಿಲ್ಲ, ಅದು ಪುಣ್ಯ. ಆದರೆ ಸಂಪು ಖಾಲಿ ಮಾಡಿ, ತೊಳೆಸಿ, ಮತ್ತೆ ತುಂಬಿಸುವುದಕ್ಕೆ ನಾಲ್ಕು ದಿನ ಹಿಡಿಯಿತು. ನೀರು ಹಾಕದೇ ಇದ್ದಿದ್ದರೆ ಒಂದು ಗಂಟೆಯ ಕೆಲಸ.

ಕಲ್ಯಾಣ ಮಂಟಪ, ಹಾಸ್ಟೆಲ್, ಗ್ರಂಥಾಲಯ, ಆಸ್ಪತ್ರೆ, ಕಚೇರಿ ಹೀಗೆ ಜನ ಸೇರುವ ಜಾಗ ಯಾವುದಾದರೂ ಸರಿ, ಅಲ್ಲಿ ಜನರೇಟರ್ ಇದ್ದರೆ ಇವತ್ತಲ್ಲ ನಾಳೆ ಇಂಥದ್ದು ಆಗಬಹುದು. ಆಗ ಏನು ಮಾಡಬೇಕು ಅನ್ನುವುದನ್ನು ನಾನು ಕೆಟ್ಟು ಕಲಿತ ಕ್ರಮದಲ್ಲೇ ಹೇಳುತ್ತೇನೆ.

ಚೆಲ್ಲಿದ್ದು ಯಾವುದು, ಎಷ್ಟು?

ಮೊದಲು ಇದು ಗೊತ್ತಾಗಬೇಕು. ಪೆಟ್ರೋಲ್ ಮತ್ತು ಡೀಸೆಲ್ ಎರಡೂ ಎಣ್ಣೆಯೇ ಆದರೂ ಸ್ವಭಾವ ಬೇರೆ. ಪೆಟ್ರೋಲ್ ಸೊನ್ನೆಗಿಂತ ಸುಮಾರು 40 ಡಿಗ್ರಿ ಕೆಳಗಿನ ಚಳಿಯಲ್ಲೂ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಅಂದರೆ ನಮ್ಮೂರಿನಲ್ಲಿ ಅದು ಯಾವಾಗಲೂ ಕಿಡಿಗೆ ಕಾಯುತ್ತಾ ಕೂತಿರುತ್ತದೆ. ಆ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಮೇಲೆ ಹೋಗುವುದಿಲ್ಲ, ನೆಲ ಹಿಡಿದು ಹರಿಯುತ್ತದೆ. ಮೆಟ್ಟಿಲಿಳಿದು ಬೇಸ್‌ಮೆಂಟಿಗೆ, ಲಿಫ್ಟಿನ ಗುಂಡಿಗೆ, ಚೇಂಬರಿಗೆ ಹೋಗಿ ಕೂರುತ್ತದೆ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಆವಿಯಾದರೆ ಒಂದು ಚಿಕ್ಕ ಸ್ಟೋರ್ ರೂಮಿನ ಗಾಳಿಯನ್ನು ಹೊತ್ತಿಕೊಳ್ಳುವ ಮಟ್ಟಕ್ಕೆ ತರಬಲ್ಲದು.

ಡೀಸೆಲ್ ಸಾಧು ಅಂತ ನಮ್ಮ ನಂಬಿಕೆ. "ಏನೂ ಆಗಲ್ಲ ಬಿಡ್ರೀ ಸಾರ್, ಡೀಸೆಲ್ ಅಲ್ವಾ" ಅಂತ ಮೆಕ್ಯಾನಿಕ್‌ಗಳು ಹೇಳುವುದನ್ನು ಎಷ್ಟು ಸಲ ಕೇಳಿದ್ದೇನೋ. ಈ ಮಾತು ಅರ್ಧ ಮಾತ್ರ ನಿಜ. ನಮ್ಮ ದೇಶದಲ್ಲಿ ಮಾರುವ ಡೀಸೆಲ್‌ನ ಫ್ಲ್ಯಾಶ್ ಪಾಯಿಂಟ್, ಅಂದರೆ ಕಿಡಿ ತಾಗಿದರೆ ಆವಿ ಹೊತ್ತಿಕೊಳ್ಳುವ ಬಿಸಿ, ಕನಿಷ್ಠ 35 ಡಿಗ್ರಿ ಇರಬೇಕು ಅನ್ನುತ್ತದೆ ಮಾನದಂಡ. ಡಿಸೆಂಬರಿನ ಬೆಳಿಗ್ಗೆ ಅದು ಸಾಧುವೇ. ಆದರೆ ದಾವಣಗೆರೆ, ಚಿತ್ರದುರ್ಗದ ಏಪ್ರಿಲ್ ಬಿಸಿಲು ಆ ಗೆರೆಯನ್ನು ಸಲೀಸಾಗಿ ದಾಟುತ್ತದೆ. ತಗಡಿನ ಶೀಟಿನ ಕೆಳಗಿರುವ ಜನರೇಟರ್ ರೂಮಿನ ಸೆಕೆಯನ್ನಂತೂ ಕೇಳುವುದೇ ಬೇಡ. ಇನ್ನೊಂದು ವಿಷಯ. 200 ಚಿಲ್ಲರೆ ಡಿಗ್ರಿ ಬಿಸಿಯ ಮೇಲೆ ಬಿದ್ದರೆ ಡೀಸೆಲ್‌ಗೆ ಕಿಡಿಯೇ ಬೇಡ, ತಾನೇ ಹತ್ತಿಕೊಳ್ಳುತ್ತದೆ. ಓಡುತ್ತಿರುವ ಜನರೇಟರಿನ ಹೊಗೆ ಪೈಪು ಅದಕ್ಕಿಂತ ಹೆಚ್ಚು ಕಾದಿರುತ್ತದೆ.

ಎಷ್ಟು ಚೆಲ್ಲಿದೆ ಅಂತ ಅಂದಾಜು ಮಾಡುವುದು ಸುಲಭ. ಒಂದು ಮಿಲಿಮೀಟರ್ ದಪ್ಪ ಹರಡಿದರೆ ಒಂದು ಲೀಟರ್ ಒಂದು ಚದರ ಮೀಟರ್ ಆಗುತ್ತದೆ. ಹತ್ತು ಲೀಟರ್ ಅಂದರೆ ಒಂದು ಸಾಧಾರಣ ಕೋಣೆಯ ನೆಲ ಪೂರ್ತಿ.

ನನ್ನ ಲೆಕ್ಕ ಇಷ್ಟು. ಒಂದು ಚೊಂಬಿಗಿಂತ ಜಾಸ್ತಿ ಪೆಟ್ರೋಲ್ ಕಟ್ಟಡದ ಒಳಗೆ ಚೆಲ್ಲಿದ್ದರೆ ಅದನ್ನು ಒರೆಸಲು ಹೋಗಬೇಡಿ. ಜನರನ್ನು ಹೊರಗೆ ಕಳಿಸಿ 112ಕ್ಕೋ 101ಕ್ಕೋ ಫೋನ್ ಮಾಡಿ. ಒಂದು ಕ್ಯಾನಿನಷ್ಟು ಡೀಸೆಲ್, ಅದೂ ಒಂದೇ ಕಡೆ ನಿಂತಿದ್ದರೆ, ಕೆಳಗೆ ಹೇಳಿದಂತೆ ನೀವೇ ನಿಭಾಯಿಸಬಹುದು. ಬ್ಯಾರಲ್ ಉರುಳಿದ್ದರೆ, ಚರಂಡಿಗೆ ಹೋಗಿದ್ದರೆ, ಬೇಸ್‌ಮೆಂಟಿಗೆ ಇಳಿದಿದ್ದರೆ, ಬಿಸಿ ಎಂಜಿನ್ ಮೇಲೆ ಬಿದ್ದಿದ್ದರೆ ಅಗ್ನಿಶಾಮಕದವರೇ ಬರಬೇಕು. ಅವರಿಗೆ ಫೋನ್ ಮಾಡಲು ಸಂಕೋಚ ಪಡುವವರು ತುಂಬಾ ಜನ. "ಬೆಂಕಿ ಹತ್ತಿಲ್ಲವಲ್ಲ" ಅಂತ. ಹತ್ತುವ ಮುಂಚೆ ಕರೆದರೇ ಅವರಿಗೂ ಅನುಕೂಲ.

ಮೊದಲ ಎರಡು ನಿಮಿಷ

ಬೆಂಕಿ ಆರಿಸಿ. ಅಡುಗೆಮನೆ ಪಕ್ಕದಲ್ಲೇ ಇದ್ದರೆ "ಭಟ್ರೇ, ಒಲೆ ಬಂದ್ ಮಾಡಿ, ಸಿಲಿಂಡರ್ ವಾಲ್ವ್ ತಿರುಗಿಸಿ" ಅಂತ ಒಬ್ಬರನ್ನು ಓಡಿಸಿ. ದೇವರ ಮುಂದಿನ ದೀಪ, ಊದಿನಕಡ್ಡಿ, ಹಿತ್ತಲಲ್ಲಿ ಬೀಡಿ ಸೇದುತ್ತಿರುವ ಡ್ರೈವರುಗಳು, ಯಾವುದನ್ನೂ ಮರೆಯಬೇಡಿ.

ಚೆಲ್ಲಿದ ಜಾಗದ ಹತ್ತಿರ ಸ್ವಿಚ್ ಮುಟ್ಟಬೇಡಿ. ಹಾಕುವುದೂ ಬೇಡ, ಆರಿಸುವುದೂ ಬೇಡ. ಎರಡರಲ್ಲೂ ಸಣ್ಣ ಕಿಡಿ ಹಾರುತ್ತದೆ. ವಾಸನೆ ಹೋಗಲಿ ಅಂತ ಎಕ್ಸಾಸ್ಟ್ ಫ್ಯಾನ್ ಹಾಕಲು ಹೋಗುವವರೇ ಹೆಚ್ಚು, ಮೊದಲು ಅವರನ್ನು ತಡೆಯಿರಿ. ಕಿಟಕಿ ಬಾಗಿಲು ತೆಗೆದರೆ ಸಾಕು. ಕರೆಂಟು ತೆಗೆಯಲೇಬೇಕಾದರೆ ದೂರದಲ್ಲಿರುವ, ಸಾಧ್ಯವಾದರೆ ಕಟ್ಟಡದ ಹೊರಗಿನ ಮೇನ್‌ನಿಂದ ತೆಗೆಯಿರಿ. ಲಿಫ್ಟ್ ಬಳಸಬೇಡಿ. ಫೋನ್ ಮಾಡುವವರು ಹೊರಗೆ ಹೋಗಿ ಮಾಡಲಿ.

ಇಲ್ಲೊಂದು ಬಲೆ ಇದೆ. ಈಗಿನ ಜನರೇಟರ್‌ಗಳಿಗೆ ಆಟೋ ಪ್ಯಾನೆಲ್ ಇರುತ್ತದೆ. ಬೆಸ್ಕಾಂ ಕರೆಂಟು ಹೋದ ಕೂಡಲೇ ಜನರೇಟರ್ ತಾನಾಗಿಯೇ ಚಾಲೂ. ನೀವು ಡೀಸೆಲ್ ಮಡುವಿನಲ್ಲಿ ಕೂತು ಮರಳು ಹಾಕುತ್ತಿರುವಾಗ ಕರೆಂಟು ಹೋಯಿತು ಅಂದುಕೊಳ್ಳಿ! ಅಥವಾ ನೀವೇ ಜಾಣತನ ಮಾಡಿ ಮೇನ್ ತೆಗೆದಿರಿ ಅನ್ನಿ. ಪ್ಯಾನೆಲ್‌ಗೆ ಎರಡೂ ಒಂದೇ. ಆದ್ದರಿಂದ ಪ್ಯಾನೆಲ್ ಚೆಲ್ಲಿದ ಜಾಗದಿಂದ ದೂರ ಇದ್ದರೆ ಮೊದಲು ಅದನ್ನು ಆಟೋದಿಂದ ಆಫ್‌ಗೆ ತನ್ನಿ, ಆಮೇಲೆ ಮೇನ್. ಹೊರಗೋಡೆಯ ಮೇಲೆ ಎಮರ್ಜೆನ್ಸಿ ಸ್ಟಾಪ್ ಬಟನ್ ಇದ್ದರೆ ಅದನ್ನು ಒತ್ತಿ. ನಿಮ್ಮ ಕಟ್ಟಡದಲ್ಲಿ ಅದು ಎಲ್ಲಿದೆ ಅಂತ ಇವತ್ತೇ ಹೋಗಿ ನೋಡಿ ಬನ್ನಿ.

ಜನರನ್ನು ಹೊರಗೆ ಕಳಿಸುವಾಗ "ಬೆಂಕಿ" ಅನ್ನುವ ಪದ ಬಾಯಿಗೆ ಬರಬಾರದು. "ಅಣ್ಣಾ, ಅಕ್ಕಾ, ಸ್ವಲ್ಪ ಹೊತ್ತು ಎಲ್ಲರೂ ಮುಂದಿನ ಬಾಗಿಲಿಂದ ಹೊರಗೆ ಬನ್ನಿ, ಹಿಂದಿನ ಕಡೆ ಹೋಗಬೇಡಿ" ಅಂದರೆ ಸಾಕು. ಊಟದ ಎಲೆ ಬಿಟ್ಟು ಏಳಲು ಹಿರಿಯರು ಒಪ್ಪುವುದಿಲ್ಲ. ಮದುವೆ ಮನೆಯವರಲ್ಲೇ ಒಬ್ಬರನ್ನು ಮುಂದೆ ಬಿಟ್ಟು ಹೇಳಿಸಿ. ಮಕ್ಕಳು, ಬಸುರಿಯರು, ದಮ್ಮಿನ ತೊಂದರೆ ಇರುವವರು ಮೊದಲು ಹೊರಡಲಿ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆ ನಿಲ್ಲಿಸಿ, ವಾಸನೆ ಅವರತ್ತ ಬರಬಾರದು. ರಾತ್ರಿಯಾದರೆ ಟಾರ್ಚನ್ನು ಹೊರಗೇ ಹಚ್ಚಿಕೊಂಡು ಒಳಗೆ ಬನ್ನಿ.

ಮೂಲ ನಿಲ್ಲಿಸಿ, ದಾರಿ ಕಟ್ಟಿ

ಕ್ಯಾನು ನೆಟ್ಟಗೆ ನಿಲ್ಲಿಸಿ. ವಾಲ್ವ್ ಇದ್ದರೆ ಮುಚ್ಚಿ. ಬ್ಯಾರಲ್‌ಗೆ ತೂತು ಬಿದ್ದಿದ್ದರೆ ತೂತು ಮೇಲೆ ಬರುವಂತೆ ಉರುಳಿಸಿ, ಸೋಪಿನ ಬಿಲ್ಲೆ ಒತ್ತಿ ತಾತ್ಕಾಲಿಕವಾಗಿ ಮುಚ್ಚಬಹುದು.

ಆಮೇಲೆ ದಾರಿ ಕಟ್ಟುವುದು. ಒರೆಸುವುದಕ್ಕಿಂತ ಇದು ಮುಖ್ಯ. ನೆಲದ ಇಳಿಜಾರು ಯಾವ ಕಡೆಗಿದೆ ನೋಡಿ. ಎಣ್ಣೆ ಹರಿದು ಹೋಗುತ್ತಿರುವ ಕಡೆ, ಅದರ ಮುಂದೆ, ಮರಳಿನ ಸಣ್ಣ ಬದು ಹಾಕಿ. ಗದ್ದೆಗೆ ಬದು ಹಾಕುವುದಿಲ್ಲವೇ, ಹಾಗೆಯೇ. ಮರಳಿಲ್ಲದಿದ್ದರೆ ಮಣ್ಣು, ಅದೂ ಇಲ್ಲದಿದ್ದರೆ ಹಳೆ ಬೆಡ್‌ಶೀಟನ್ನು ಉದ್ದಕ್ಕೆ ಸುತ್ತಿ ಅಡ್ಡ ಇಡಿ.

ಯಾವುದನ್ನು ಮೊದಲು ಕಾಯಬೇಕು? ಸಂಪು. ನಮ್ಮ ಕಡೆಯ ಕಟ್ಟಡಗಳಲ್ಲಿ ಸಂಪಿನ ಮುಚ್ಚಳ ನೆಲಮಟ್ಟಕ್ಕೇ ಇರುತ್ತದೆ, ಎಷ್ಟೋ ಕಡೆ ಜನರೇಟರ್ ಪಕ್ಕದಲ್ಲೇ. ಮುಚ್ಚಳದ ಸುತ್ತ ಮರಳಿನ ಉಂಗುರ ಹಾಕಿ. ಸಂಪಿನ ಮೋಟಾರನ್ನೂ ದೂರದಿಂದ ಆಫ್ ಮಾಡಿಸಿ. ನೀರು ಕಡಿಮೆಯಾದಾಗ ತಾನೇ ಓಡುವ ಮೋಟಾರಾದರೆ ಇದು ಇನ್ನೂ ಅಗತ್ಯ. ಎರಡನೆಯದು ಮೋರಿ ಮತ್ತು ಚೇಂಬರ್. ನೆಲದ ಜಾಲರಿ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ ಮೇಲೆ ಮರಳಿನ ಚೀಲ ಇಡಿ. ಮಳೆನೀರು ಇಂಗುವ ಗುಂಡಿ, ಬೋರ್‌ವೆಲ್ ಬಾಯಿ ಮೂರನೆಯದು. ಚಿತ್ರದುರ್ಗದಂಥ ಬಂಡೆ ನೆಲದಲ್ಲಿ ನೀರು ಬಂಡೆಯ ಬಿರುಕುಗಳಲ್ಲಿ ಓಡಾಡುತ್ತದೆ. ಅಲ್ಲಿಗೆ ಎಣ್ಣೆ ಇಳಿದರೆ ತೆಗೆಯುವ ಉಪಾಯ ಯಾರ ಹತ್ತಿರವೂ ಇಲ್ಲ.

ಹೀರಿಸುವುದು

ಕೈಗೆ ನೈಟ್ರೈಲ್ ಗ್ಲೌಸ್ ಹಾಕಿ. ಆಸ್ಪತ್ರೆಯ ತೆಳು ರಬ್ಬರ್ ಗ್ಲೌಸ್ ಎಣ್ಣೆಗೆ ಉಬ್ಬಿ ಹರಿಯುತ್ತದೆ. ಕಾಲಿಗೆ ಗಮ್ ಬೂಟು. ಬಟ್ಟೆ ಹತ್ತಿಯದಿರಲಿ. ಪಾಲಿಸ್ಟರ್ ಉಜ್ಜಿದರೆ ಚಟಪಟ ಅನ್ನುತ್ತದಲ್ಲ, ಪೆಟ್ರೋಲ್ ಆವಿಗೆ ಅಷ್ಟೇ ಸಾಕು. ಬಟ್ಟೆ ಮಾಸ್ಕಾಗಲಿ ಎನ್-95 ಆಗಲಿ ಎಣ್ಣೆಯ ಆವಿ ತಡೆಯುವುದಿಲ್ಲ, ಧೂಳನ್ನಷ್ಟೇ ತಡೆಯುತ್ತದೆ. ಅದನ್ನು ನಂಬಿ ಒಳಗೆ ಕೂರಬೇಡಿ. ಹತ್ತು ನಿಮಿಷಕ್ಕೊಮ್ಮೆ ಹೊರಗೆ ಬನ್ನಿ. ತಲೆ ಸುತ್ತಿದರೆ ಕೆಲಸ ಬಿಡಿ. ಒಬ್ಬರೇ ಒಳಗೆ ಇರುವುದು ಯಾವಾಗಲೂ ಬೇಡ.

ಏನು ಹಾಕಿ ಹೀರಿಸುವುದು? ಮರಳು ಅಂತ ಎಲ್ಲರೂ ಹೇಳುತ್ತಾರೆ. ಆದರೆ ಮರಳು ಬದು ಕಟ್ಟಲು ಒಳ್ಳೆಯದು, ಹೀರುವುದು ಕಡಿಮೆ. ಕಾಳು ಕಾಳಾಗಿರುವ ಮರಳು ಎಣ್ಣೆಯನ್ನು ಸಂದಿಯಲ್ಲಿ ಹಿಡಿದುಕೊಳ್ಳುತ್ತದೆ ಅಷ್ಟೇ. ಅದಕ್ಕಿಂತ ಒಣಗಿಸಿ ಪುಡಿ ಮಾಡಿದ ಎರೆಮಣ್ಣು ಚೆನ್ನಾಗಿ ಕುಡಿಯುತ್ತದೆ. ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವ ಎಣ್ಣೆ ಹೀರುವ ಪುಡಿಯಲ್ಲಿ ಎಷ್ಟೋ ಸಲ ಇರುವುದೂ ಜೇಡಿಮಣ್ಣೇ.

ದಾವಣಗೆರೆಯವರಿಗೆ ಇನ್ನೊಂದು ಅನುಕೂಲ ಇದೆ. ಭದ್ರಾ ನಾಲೆಯ ನೀರಿನಿಂದ ಭತ್ತ, ಭತ್ತದಿಂದ ರೈಸ್‌ಮಿಲ್ಲು, ಮಿಲ್ಲಿನಿಂದ ರಾಶಿ ರಾಶಿ ಹೊಟ್ಟು. ಮಂಡಕ್ಕಿ ಭಟ್ಟಿಗಳಿರುವ ಊರಿನಲ್ಲಿ ಹೊಟ್ಟಿಗೆ ಬರವೇ? ಒಣ ಹೊಟ್ಟು ಡೀಸೆಲನ್ನು ಚೆನ್ನಾಗಿ ಹಿಡಿಯುತ್ತದೆ, ಗುಡಿಸಲೂ ಸುಲಭ. ಮರದ ಪುಡಿಯೂ ಹಾಗೆಯೇ. ಎರಡಕ್ಕೂ ಒಂದು ನಿಯಮ: ಡೀಸೆಲ್‌ಗೆ ಮಾತ್ರ, ಪೆಟ್ರೋಲ್‌ಗೆ ಬೇಡ. ಹೊಟ್ಟೇ ಉರಿಯುವ ಪದಾರ್ಥ, ಪೆಟ್ರೋಲ್ ಕುಡಿಸಿದರೆ ಅದು ಕೊಳ್ಳಿಯಾಗುತ್ತದೆ. ಪೆಟ್ರೋಲ್‌ಗೆ ಮಣ್ಣು, ಮರಳು ಮಾತ್ರ. ಹೊಟ್ಟಿನ ಬೂದಿಯೂ ಹೀರುತ್ತದೆ, ಆದರೆ ಭಟ್ಟಿಯಿಂದ ಆಗಷ್ಟೇ ತೆಗೆದ ಬೂದಿ ತರಬೇಡಿ. ಮೇಲೆ ತಣ್ಣಗಿದ್ದರೂ ಹೊಟ್ಟೆಯೊಳಗೆ ಕೆಂಡ ಇಟ್ಟುಕೊಂಡಿರುತ್ತದೆ.

ಹಾಕುವ ರೀತಿ ಹೀಗೆ. ಅಂಚಿನಿಂದ ಶುರು ಮಾಡಿ ಮಧ್ಯಕ್ಕೆ ಬನ್ನಿ. ನಡುವೆ ಸುರಿದರೆ ಎಣ್ಣೆ ಹೊರಕ್ಕೆ ತಳ್ಳಿಕೊಂಡು ಹೋಗುತ್ತದೆ. ಎರಡು ಬೆರಳು ದಪ್ಪ ಹರಡಿ, ಕಸಬರಿಗೆಯಿಂದ ಮೆಲ್ಲಗೆ ಕಲಸಿ, ಹತ್ತು ಹದಿನೈದು ನಿಮಿಷ ಬಿಡಿ. ಬಣ್ಣ ಗಾಢವಾದರೆ ಹೀರಿದೆ ಅಂತ ಅರ್ಥ. ಪ್ಲಾಸ್ಟಿಕ್ ಮೊರದಲ್ಲಿ ಎತ್ತಿ ಮುಚ್ಚಳ ಇರುವ ಡಬ್ಬಿಗೆ ತುಂಬಿ. ಕಬ್ಬಿಣದ ಸಲಿಕೆ ಕಲ್ಲಿನ ನೆಲಕ್ಕೆ ತಾಗಿದರೆ ಕಿಡಿ ಬರಬಹುದು, ಅದು ಬೇಡ. ಮತ್ತೆ ಹೊಸ ಪದರ ಹಾಕಿ. ಸಾಮಾನ್ಯವಾಗಿ ಮೂರು ಸಲ ಬೇಕು. ಕೊನೆಯ ಪಸೆಯನ್ನು ಬನಿಯನ್ ವೇಸ್ಟಿನಿಂದ, ಅಂದರೆ ಮೆಕ್ಯಾನಿಕ್‌ಗಳು ಕೈ ಒರೆಸುವ ಹತ್ತಿ ಬಟ್ಟೆಯ ಚೂರುಗಳಿಂದ, ಒರೆಸಿ. ಮನೆಯ ವ್ಯಾಕ್ಯೂಮ್ ಕ್ಲೀನರ್ ತರಲೇಬೇಡಿ. ಅದರ ಮೋಟಾರಿನಲ್ಲಿ ಕಿಡಿ ಹಾರುತ್ತಿರುತ್ತದೆ, ನೀವು ಆವಿಯನ್ನು ನೇರ ಅದರ ಬಾಯಿಗೆ ಇಟ್ಟ ಹಾಗೆ.

ತೊಳೆಯುವುದು ಈಗ

ಈಗ ಬಚ್ಚಿಟ್ಟ ಬಕೆಟ್ ಹೊರಗೆ ತೆಗೆಯಬಹುದು. ಪೈಪು ಮಾತ್ರ ಈಗಲೂ ಬೇಡ. ಬಿಸಿನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ಡೋ ವಾಷಿಂಗ್ ಸೋಡವೋ ಹಾಕಿ ಬ್ರಷ್‌ನಿಂದ ಉಜ್ಜಿ. ಆ ನೀರನ್ನು ಬಟ್ಟೆಯಿಂದ ಹಿಂಡಿ ಬಕೆಟ್‌ಗೇ ತೆಗೆಯಿರಿ. ಸೋಪು ಎಣ್ಣೆಯನ್ನು ಮಾಯ ಮಾಡುವುದಿಲ್ಲ, ನೀರಿನಲ್ಲಿ ಬೆರೆಸುತ್ತದೆ. ಮೋರಿಗೆ ಬಿಟ್ಟರೆ ಕಣ್ಣಿಗೆ ಕಾಣದೆ ಚರಂಡಿ ಸೇರುತ್ತದೆ.

ಗ್ರಾನೈಟ್, ವಿಟ್ರಿಫೈಡ್ ಟೈಲ್ಸ್ ಬೇಗ ಶುದ್ಧವಾಗುತ್ತವೆ, ಸಂದಿಗಳಲ್ಲಿ ಮಾತ್ರ ಕಷ್ಟ. ಸಿಮೆಂಟ್ ನೆಲ ಎಣ್ಣೆ ಕುಡಿದುಬಿಡುತ್ತದೆ. ಅದಕ್ಕೆ ಜೇಡಿಮಣ್ಣಿನ ಪುಡಿಯನ್ನು ಸೋಪಿನ ನೀರಿನಲ್ಲಿ ದೋಸೆ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಿ, ಅರ್ಧ ಇಂಚು ಬಳಿದು, ಪ್ಲಾಸ್ಟಿಕ್ ಮುಚ್ಚಿ ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಪ್ಲಾಸ್ಟಿಕ್ ತೆಗೆದು ಒಣಗಿಸಿ ಕೆರೆದು ತೆಗೆಯಿರಿ. ಒಂದೇ ಸಲಕ್ಕೆ ಹೋಗದಿದ್ದರೆ ಎರಡು ಸಲ. ಕಾರ್ಪೆಟ್, ಹಾಸಿಗೆ, ಪ್ಲೈವುಡ್ ತಳ ನೆನೆದಿದ್ದರೆ ಉಳಿಸುವ ಆಸೆ ಬಿಡಿ.

ವಾಸನೆ ವಿಷಯದಲ್ಲಿ ನಮ್ಮವರು ಮೂರು ತಪ್ಪು ಮಾಡುತ್ತಾರೆ. ಒಂದು, ಫಿನೈಲ್ ಸುರಿಯುವುದು. ಪ್ರಯೋಜನ ಇಲ್ಲ, ಎರಡು ವಾಸನೆ ಆಗುತ್ತದೆ. ಎರಡು, ಊದಿನಕಡ್ಡಿ ಹಚ್ಚುವುದು. ಇದಕ್ಕೆ ನಾನು ಏನೂ ಹೇಳುವುದಿಲ್ಲ. ಮೂರು, ಬ್ಲೀಚಿಂಗ್ ಪೌಡರ್ ಎರಚುವುದು. ಇದು ನಿಜವಾಗಿಯೂ ಅಪಾಯ. ಎಣ್ಣೆಯ ಜೊತೆ ಸೇರಿದರೆ ಅದು ಕಾದು ತಾನೇ ಉರಿಯಬಹುದು. ಶೌಚಾಲಯದ ಚೀಲ ಕೈಗೆ ಸಿಗುತ್ತದೆ ಅಂತ ತಂದು ಹಾಕಬೇಡಿ. ಗಾಳಿಯೇ ಔಷಧಿ. ಎರಡೂ ಕಡೆ ಕಿಟಕಿ ತೆಗೆದಿಡಿ, ಮೂಲೆಯಲ್ಲಿ ಇದ್ದಿಲು ತುಂಬಿದ ಬುಟ್ಟಿ ಇಡಿ, ಕಾಯಿರಿ.

ಬಾಗಿಲು ಮತ್ತೆ ಯಾವಾಗ ತೆಗೆಯುವುದು? ಒಳಗಿದ್ದವರ ಮೂಗು ಸೋತಿರುತ್ತದೆ, ಅವರನ್ನು ಕೇಳಬೇಡಿ. ಒಂದು ಗಂಟೆ ಹೊರಗಿದ್ದವರನ್ನು ಕರೆದು ವಾಸನೆ ನೋಡಲು ಹೇಳಿ. ತಗ್ಗಿನಲ್ಲಿ, ಲಿಫ್ಟಿನ ಬಳಿ, ಚೇಂಬರ್ ಹತ್ತಿರವೂ ನೋಡಲಿ. ಬಿಳಿ ಬಟ್ಟೆ ಒತ್ತಿ ಒರೆಸಿದರೆ ಜಿಡ್ಡು ಬರಬಾರದು. ಪೆಟ್ರೋಲ್ ಆಗಿದ್ದರೆ ಮಾತ್ರ ಮೂಗಿನ ಪರೀಕ್ಷೆ ಸಾಲದು. ಅಗ್ನಿಶಾಮಕದವರು ಆಗಬಹುದು ಅಂದ ಮೇಲೇ ಸ್ವಿಚ್ ಮುಟ್ಟಿ.

ಸಂಪಿಗೆ ಹೋಗಿಬಿಟ್ಟಿದ್ದರೆ

ಮೋಟಾರು ಹಾಕಬೇಡಿ. ಎಣ್ಣೆ ಮೇಲೆ ತೇಲುತ್ತಿರುತ್ತದೆ, ಮೋಟಾರು ಕೆಳಗಿನ ನೀರು ಎಳೆಯುತ್ತದೆ, ಹಾಗಾಗಿ ಮೊದಲು ಎಲ್ಲ ಸರಿ ಇದೆ ಅನ್ನಿಸುತ್ತದೆ. ನೀರು ಇಳಿದಂತೆ ಎಣ್ಣೆಯೂ ಇಳಿದು ಕೊನೆಗೆ ಮೇಲಿನ ಟ್ಯಾಂಕಿಗೆ ಹೋಗುತ್ತದೆ. ಆಮೇಲೆ ಇಡೀ ಕಟ್ಟಡದ ಪೈಪು ಕೆಡುತ್ತದೆ. ಮೇಲಿನಿಂದಲೇ ಹಳೆ ಬಟ್ಟೆ ಇಳಿಬಿಟ್ಟು ಎಣ್ಣೆ ಪದರ ತೆಗೆಸಿ. ಉಳಿದ ನೀರು ಕುಡಿಯಲು, ಅಡುಗೆಗೆ ಬೇಡ. ಟ್ಯಾಂಕರ್‌ನವರ ಮೂಲಕ ಹೊರಗೆ ಸಾಗಿಸಿ, ತೊಳೆಸಿ, ನೀರು ಪರೀಕ್ಷೆ ಮಾಡಿಸಿ ಮತ್ತೆ ಬಳಸಿ. ತೊಳೆಯಲು ಯಾರನ್ನೂ ಸುಮ್ನೆ ಒಳಗೆ ಇಳಿಸಬೇಡಿ. ಮುಚ್ಚಿದ ಸಂಪಿನಲ್ಲಿ ಉಸಿರಾಡುವ ಗಾಳಿಯೇ ಇಲ್ಲದಿರಬಹುದು. ಒಬ್ಬ ಬಿದ್ದ ಅಂತ ಎತ್ತಲು ಇಳಿದ ಎರಡನೆಯವನೂ ಅಲ್ಲೇ ಉಳಿಯುತ್ತಾನೆ.

ಚರಂಡಿಗೆ ಹೋಗಿದ್ದರೆ ಮಹಾನಗರ ಪಾಲಿಕೆಗೋ ನಗರಸಭೆಗೋ ತಿಳಿಸಿ. ಮುಂದಿನ ಚೇಂಬರ್‌ನಲ್ಲಿ ಕೆಲಸ ಮಾಡುವವರಿಗೆ ಗೊತ್ತಿರಬೇಕು.

ಮೈಗೆ, ಕಣ್ಣಿಗೆ, ಹೊಟ್ಟೆಗೆ

ನೆನೆದ ಬಟ್ಟೆ ಬಿಚ್ಚಿ, ಸೋಪಿನಿಂದ ಮೈ ತೊಳೆಯಿರಿ. ಪೆಟ್ರೋಲ್ ಆದರೆ ಬಿಚ್ಚುವ ಮುಂಚೆ ಬಟ್ಟೆಗೆ ನೀರು ಸುರಿದುಕೊಳ್ಳಿ. ಕಣ್ಣಿಗೆ ಹಾರಿದ್ದರೆ 15 ನಿಮಿಷ ನೀರು ಹರಿಸಿ. ಕ್ಯಾನಿನಿಂದ ಡೀಸೆಲ್ ತೆಗೆಯಲು ಪೈಪಿಗೆ ಬಾಯಿ ಹಚ್ಚಿ ಎಳೆಯುವ ಚಾಳಿ ನಮ್ಮಲ್ಲಿದೆ. ಹಾಗೆ ನುಂಗಿದವರಿಗೆ ವಾಂತಿ ಮಾತ್ರ ಮಾಡಿಸಬೇಡಿ. ಎಣ್ಣೆ ಹೊಟ್ಟೆಯಲ್ಲಿರುವುದಕ್ಕಿಂತ ವಾಂತಿಯಲ್ಲಿ ಶ್ವಾಸಕೋಶಕ್ಕೆ ಹೋಗುವುದು ಹೆಚ್ಚು ಕೆಟ್ಟದ್ದು. 108ಕ್ಕೆ ಫೋನ್ ಮಾಡಿ.

ಹೀರಿಸಿದ ಹೊಟ್ಟು, ಮಣ್ಣು ಎಲ್ಲಿಗೆ?

ಪಾಲಿಕೆಯ ಕಸದ ಗಾಡಿಗೆ ಅಲ್ಲ. ಹಿತ್ತಲಲ್ಲಿ ಸುಡುವುದೂ ಅಲ್ಲ. ಎಣ್ಣೆ ಹಿಡಿದ ಬಟ್ಟೆ, ಮಣ್ಣು 2016ರ ಅಪಾಯಕಾರಿ ತ್ಯಾಜ್ಯ ನಿಯಮಗಳ ಕೆಳಗೆ ಬರುತ್ತದೆ. ತಗಡಿನ ಡಬ್ಬಿಯಲ್ಲಿ ಮುಚ್ಚಳ ಬಿಗಿದು, ಮೇಲೆ "ಡೀಸೆಲ್ ಮಣ್ಣು, ಬೆಂಕಿ ತರಬೇಡಿ" ಅಂತ ಬರೆದು, ಕಟ್ಟಡದ ಹೊರಗೆ ನೆರಳಿನಲ್ಲಿಡಿ. ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯ ಕಚೇರಿಯಲ್ಲಿ ಕೇಳಿದರೆ ಇದನ್ನು ಒಯ್ಯಲು ಅನುಮತಿ ಇರುವವರು ಯಾರು ಅಂತ ಹೇಳುತ್ತಾರೆ.

ಮುಂದಿನ ಸಲಕ್ಕೆ

ಡೀಸೆಲ್ ಕಟ್ಟಡದ ಒಳಗೆ ಎಷ್ಟು ಕಡಿಮೆ ಇದ್ದರೆ ಅಷ್ಟು ಒಳ್ಳೆಯದು. ಕಾನೂನು ಲೈಸೆನ್ಸ್ ಇಲ್ಲದೆ 2,500 ಲೀಟರ್‌ವರೆಗೆ ಡೀಸೆಲ್ ಇಡಲು ಬಿಡುತ್ತದೆ, ಒಂದೊಂದು ಪಾತ್ರೆ 1,000 ಲೀಟರ್ ದಾಟಬಾರದು ಅಷ್ಟೇ. ಆದರೆ ಕಾನೂನು ಬಿಟ್ಟಿತು ಅಂತ ಮದುವೆ ಹಾಲ್ ಪಕ್ಕ ಐದು ಬ್ಯಾರಲ್ ಇಡಬೇಕು ಅಂತೇನಿಲ್ಲ. ಬ್ಯಾರಲನ್ನು ಕಂಠಪೂರ್ತಿ ತುಂಬಿಸಬೇಡಿ. ಬೆಳಿಗ್ಗೆ ತಂಪಿನಲ್ಲಿ ತುಂಬಿಸಿದ 200 ಲೀಟರ್ ಡೀಸೆಲ್ 15 ಡಿಗ್ರಿ ಬಿಸಿಯೇರಿದರೆ ಎರಡೂವರೆ ಲೀಟರ್‌ನಷ್ಟು ಉಬ್ಬುತ್ತದೆ. ಕೆಳಗೆ ತಗಡಿನ ಟ್ರೇ ಇರಲಿ, ಬ್ಯಾರಲ್ ಪೂರ್ತಿ ಸೋರಿದರೂ ಹಿಡಿಯುವಷ್ಟು ದೊಡ್ಡದು. ಜನರೇಟರ್ ಓಡುವಾಗ, ಎಂಜಿನ್ ಬಿಸಿ ಇರುವಾಗ ಡೀಸೆಲ್ ಹಾಕಬೇಡಿ. 20 ಲೀಟರ್ ಕ್ಯಾನು ಎತ್ತಿ ಲಾಳಿಕೆಗೆ ಸುರಿಯುವ ಬದಲು ಕೈಪಂಪು ಕೊಳ್ಳಿ. ನಮ್ಮ ಹುಡುಗನ ಕೈ ಜಾರಿದ್ದು ಅವನ ತಪ್ಪಲ್ಲ, ಅಷ್ಟು ಭಾರ ಎತ್ತಿಸಿದ ನಮ್ಮ ತಪ್ಪು.

ಜನರೇಟರ್ ರೂಮಿನ ಹೊರಗೆ ಒಂದು ಮೂಲೆಯಲ್ಲಿ ಇಷ್ಟನ್ನು ಇಡಿ: ಎರಡು ಬಕೆಟ್ ಒಣ ಮರಳು, ಒಂದು ಚೀಲ ಹೊಟ್ಟು, ಒಂದು ಚೀಲ ಎರೆಮಣ್ಣಿನ ಪುಡಿ, ಪ್ಲಾಸ್ಟಿಕ್ ಮೊರ, ಕಸಬರಿಗೆ, ಗ್ಲೌಸ್, ದಪ್ಪ ಪ್ಲಾಸ್ಟಿಕ್ ಹಾಳೆ, ಮುಚ್ಚಳದ ಡಬ್ಬಿ, ಜೊತೆಗೆ ಎಬಿಸಿ ಪೌಡರ್ ಬೆಂಕಿ ಆರಿಸುವ ಸಿಲಿಂಡರ್. ಎಣ್ಣೆಯ ಬೆಂಕಿಗೆ ನೀರು ಹಾಕಿದರೆ ಬೆಂಕಿಯೇ ನೀರಿನ ಮೇಲೆ ತೇಲಿ ಹರಡುತ್ತದೆ.

ತಿಂಗಳಿಗೊಮ್ಮೆ ಆ ಮೂಲೆ ನೋಡಿ. ಸಿಲಿಂಡರಿನ ಮುಳ್ಳು ಹಸಿರಿನಲ್ಲಿರಬೇಕು. ಹೊಟ್ಟಿನ ಚೀಲದಲ್ಲಿ ಇಲಿ ಮರಿ ಹಾಕಿರಬಾರದು. ಮತ್ತೆ ಮರಳಿನ ಬಕೆಟ್. ಮದುವೆಗೆ ಬಂದವರು ಅದನ್ನು ಎಲೆ-ಅಡಿಕೆ ಉಗುಳಲೆಂದೇ ಇಟ್ಟಿದ್ದು ಅಂದುಕೊಳ್ಳುತ್ತಾರೆ. ಕೆಂಪಾಗಿ ಒದ್ದೆಯಾಗಿದ್ದರೆ ಆ ಮರಳು ಚೆಲ್ಲಿ, ಬೇರೆ ಒಣ ಮರಳು ತುಂಬಿಸಿ, ಈ ಸಲ ಮುಚ್ಚಳ ಇರುವ ಬಕೆಟ್‌ಗೆ.